ಅಪ್ಪಾಜಿಯ ಬೆನ್ನ ಹಿಂದೆ ಕರಡಿ

ಅಪ್ಪಾಜಿ ಲಿಂಗಪೂಜೆಗೆ ಕೂತರೆಂದರೆ ಅವರನ್ನು ಯಾರೂ ಕರೆಯುವಂತಿರಲಿಲ್ಲ. ಹಾಲು ಉಕ್ಕಲಿ, ಟೆಲಿಗ್ರಾಂ ಬರಲಿ, ನೆಂಟರು ಬಾಗಿಲಲ್ಲಿ ನಿಲ್ಲಲಿ, ಎಡಗೈ ಮೇಲಿನ ಲಿಂಗದಿಂದ ಅವರು ಕಣ್ಣು ತೆಗೆಯುವವರೆಗೆ ಕಾಯಬೇಕು. ಒಮ್ಮೆ ಪಕ್ಕದ ಮನೆಯ ಹಸು ಒಳಗೆ ನುಗ್ಗಿ ಅವರ ಮುಂದಿದ್ದ ಬಿಲ್ವಪತ್ರೆಯನ್ನೆಲ್ಲ ಮೇಯ್ದು ಹೋಗಿತ್ತು. ಆಗಲೂ ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಳೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ.

ಇದು ಎಪ್ಪತ್ತರ ದಶಕದ ಮಾತು. ರಾಜಾಜಿನಗರದಲ್ಲಿ ನಮ್ಮ ಬಾಡಿಗೆ ಮನೆ, ಅಪ್ಪಾಜಿಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ. ಅವರು ಚಿತ್ರದುರ್ಗದ ಕಡೆಯವರು, ಬಂಡೆಗಳ ಮೇಲೆ ಹತ್ತಿ ಇಳಿದು ಬೆಳೆದವರು. ಗೆರೆ ಎಳೆದಂತಿದ್ದ ನಮ್ಮ ಬ್ಲಾಕಿನ ಮೇನು ಕ್ರಾಸು ರಸ್ತೆಗಳಲ್ಲಿ ವಾರವೆಲ್ಲ ಹೇಗೋ ಓಡಾಡಿಕೊಂಡಿರುತ್ತಿದ್ದರು. ಭಾನುವಾರ ಬಂತೆಂದರೆ ಅವರ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮಾಗಡಿ ರಸ್ತೆಯ ಟೋಲ್‌ಗೇಟಿನಲ್ಲಿ ಮೊದಲ ಬಸ್ಸು ಹಿಡಿದು ಸಾವನದುರ್ಗದ ಕಾಡಿಗೆ ಹೊರಟುಬಿಡುತ್ತಿದ್ದರು. ಅವ್ವನಿಗೆ ಮಂಡಿನೋವು, ಒಬ್ಬಳೇ ಮಗಳು ನಾನು, ಹಾಗಾಗಿ ಜೊತೆಗೆ ನಾನೇ. ಸುಂಕದಕಟ್ಟೆ ದಾಟಿದರೆ ಊರು ಮುಗಿದು ರಾಗಿ ಹೊಲ ಶುರುವಾಗುತ್ತಿತ್ತು. ಬ್ಯಾಡರಹಳ್ಳಿ ಬರುವ ಹೊತ್ತಿಗೆ ನಾನು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೊಡೆಯುತ್ತಿದ್ದೆ.

ಕಾಡು ನಮ್ಮನ್ನು ಆಗಾಗ ಹೆದರಿಸುತ್ತಿತ್ತು. ಒಣಗಿದ ಹಳ್ಳದಲ್ಲಿ ಬಿದ್ದ ಕೊಂಬೆ ಎಂದುಕೊಂಡು ನಾನು ದಾಟಲು ಹೋದದ್ದು ಹೆಬ್ಬಾವಾಗಿತ್ತು. ಇನ್ನೊಮ್ಮೆ ಹೋದ ದಾರಿಯಲ್ಲೇ ವಾಪಸು ಬರುವಾಗ ನಮ್ಮ ಚಪ್ಪಲಿಯ ಗುರುತಿನ ಮೇಲೆಯೇ ಚಿರತೆಯ ಹೆಜ್ಜೆ ಮೂಡಿತ್ತು. ಅಪ್ಪಾಜಿ ಕುಕ್ಕರಗಾಲಲ್ಲಿ ಕೂತು ಅದನ್ನು ನೋಡಿ, "ನಮ್ಮ ಹಿಂದೇನೇ ಬಂದೈತೆ ನೋಡವ್ವ," ಎಂದರು, ಬಸ್ಸಿನಲ್ಲಿ ಗುರುತಿನವರು ಸಿಕ್ಕಿದರೇನೋ ಎಂಬಂತೆ. ನನಗಂತೂ ಬಸ್ಸು ಹತ್ತುವವರೆಗೆ ಬೆನ್ನು ಜುಮುಗುಡುತ್ತಿತ್ತು. ಇವನ್ನೆಲ್ಲ ಮನೆಯಲ್ಲಿ ಹೇಳುತ್ತಿರಲಿಲ್ಲ. ಕೋತಿ ರೊಟ್ಟಿಗಂಟು ಕಿತ್ತುಕೊಂಡ ಕತೆಯಷ್ಟೇ ಅವ್ವನ ಪಾಲಿಗೆ.

ಕರಡಿಯ ವಿಷಯದಲ್ಲಿ ಮಾತ್ರ ಅಪ್ಪಾಜಿ ನಗುತ್ತಿರಲಿಲ್ಲ. "ಕರಡಿ ಕಂಡ್ರೆ ಕಿರುಚಬ್ಯಾಡ, ಓಡಬ್ಯಾಡ. ಅದರ ಕಣ್ಣು ಮಂದ. ಗಾಬರಿಯಾದ್ರೆ ಮುಖಕ್ಕೇ ಕೈ ಹಾಕ್ತದೆ. ಮೆಲ್ಲಗೆ ಏನಾರ ಮಾತಾಡ್ತಾ ಇರು. ಮನುಷ್ಯರು ಅದಾರೆ ಅಂತ ಗೊತ್ತಾದ್ರೆ ಅದೇ ಹೋಗ್ತದೆ," ಎನ್ನುತ್ತಿದ್ದರು.

ಆ ವರ್ಷ ನಾನು ಬಿ.ಎಸ್ಸಿ. ಓದುತ್ತಿದ್ದೆ. ನಾಲ್ಕು ಪುಸ್ತಕ ತಲೆಗೆ ಹೋಗಿತ್ತು, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದು ದಿನ ಕೊರಳಿನ ಶಿವದಾರ ಬಿಚ್ಚಿ, ಲಿಂಗವನ್ನು ದೇವರ ಗೂಡಿನಲ್ಲಿಟ್ಟು, "ನಂಬಿಕೆ ಇಲ್ದೆ ಪೂಜೆ ಮಾಡೋದು ಬರೀ ನಾಟಕ. ನನ್ನಿಂದ ಆಗಲ್ಲ," ಎಂದುಬಿಟ್ಟೆ. ಅವ್ವ ಅತ್ತು ಕರೆದು ರಂಪ ಮಾಡಿದಳು. ಅಪ್ಪಾಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ವಾದ ಮಾಡಲು ನನಗೂ ಬರುತ್ತಿತ್ತು. ಅವರು ಊಟಕ್ಕೆ ಕೂತಾಗ ನನ್ನ ಬೋಳು ಕೊರಳನ್ನು ಒಮ್ಮೆ ನೋಡಿ ತಟ್ಟೆಯ ಕಡೆ ತಲೆ ತಗ್ಗಿಸುತ್ತಿದ್ದರು, ಅಷ್ಟೆ. ಅದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಕಾಡಿನೊಳಗೆ ಬಹಳ ದೂರ ನಡೆದು ಒಂದು ಚಪ್ಪಟೆ ಬಂಡೆಗೆ ಬಂದೆವು. ಪೂಜೆಯಾಗದೆ ಅಪ್ಪಾಜಿ ತೊಟ್ಟು ನೀರೂ ಕುಡಿಯುವವರಲ್ಲ. ಹಣೆಗೆ ವಿಭೂತಿ ಹಚ್ಚಿ, ಕೊರಳಿನ ವಸ್ತ್ರದ ಗಂಟು ಬಿಚ್ಚಿ, ಲಿಂಗವನ್ನು ಎಡ ಅಂಗೈ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ದೃಷ್ಟಿ ನೆಟ್ಟರು. ನಾನು ಅವರೆದುರಿಗೆ ಕೂತು, ಇವರ ಪೂಜೆ ಯಾವಾಗ ಮುಗಿದೀತು, ರೊಟ್ಟಿಗಂಟು ಯಾವಾಗ ಬಿಚ್ಚಿಯೇನು ಎಂದು ಕಾಯುತ್ತಿದ್ದೆ.

ಅವರ ಬೆನ್ನ ಹಿಂದೆ ಲಂಟಾನದ ಪೊದೆ. ಅದು ಅಲುಗಾಡಿತು. ಯಾರದೋ ದನವಿರಬೇಕು ಎಂದುಕೊಂಡೆ. ಹೊರಗೆ ಬಂದದ್ದು ಬೂದು ಬಣ್ಣದ ಉದ್ದ ಮೂತಿ, ಆಮೇಲೆ ಕಪ್ಪು ಕೂದಲಿನ ದೊಡ್ಡ ಮೈ, ಆ ಮೈ ಮೇಲೆ ಕೂದಲು ಹಿಡಿದು ಕೂತ ಮರಿ. ನಮ್ಮ ಮನೆಯ ಬೀದಿಬಾಗಿಲಿಂದ ಹಿತ್ತಲಿಗೆ ಎಷ್ಟು ದೂರವೋ ಅಷ್ಟೇ ದೂರ. ತಾಯಿ ಕರಡಿ ನೆಲ ಮೂಸುತ್ತ ನೇರವಾಗಿ ಅಪ್ಪಾಜಿಯ ಬೆನ್ನಿನ ಕಡೆಗೇ ಬರುತ್ತಿತ್ತು. ಅದಕ್ಕೆ ಅವರು ಕಂಡಿರಲಿಲ್ಲ. ಅವರ ಕಣ್ಣಿನಲ್ಲಿ ಲಿಂಗ ಬಿಟ್ಟು ಬೇರೇನೂ ಇರಲಿಲ್ಲ.

ಕಿರುಚಿದರೆ ಕರಡಿ ಬೆದರುತ್ತದೆ. "ಅಪ್ಪಾಜಿ" ಎಂದರೆ ಅವರು ಬೆಚ್ಚಿ, ನನ್ನ ಮುಖ ನೋಡಿ ಹಿಂದಕ್ಕೆ ತಿರುಗುತ್ತಾರೆ, ತಿರುಗಿದ ಮುಖಕ್ಕೇ ಅದರ ಉಗುರು. ಸುಮ್ಮನಿದ್ದರೆ ಅದು ಬಂದು ಡಿಕ್ಕಿ ಹೊಡೆಯುತ್ತದೆ. ಏನಾದರೂ ಮೆಲ್ಲಗೆ ಮಾತಾಡಬೇಕು, ಆದರೆ ಪೂಜೆಗೆ ಕೂತ ಮನುಷ್ಯ ತಿರುಗಿ ನೋಡಬಾರದು. ಅಂಥ ಮಾತು ನನಗೆ ಗೊತ್ತಿದ್ದದ್ದು ಒಂದೇ.

"ಓಂ ನಮಃ ಶಿವಾಯ," ಎಂದೆ. ದನಿ ಸರಿಯಾಗಿ ಬರಲಿಲ್ಲ. ಮತ್ತೆ ಹೇಳಿದೆ. ಆಮೇಲೆ ಒಂದೇ ಸಮನೆ, ಏರಿಸದೆ ಇಳಿಸದೆ ಹೇಳುತ್ತ ಹೋದೆ. ಕರಡಿ ನಿಂತಿತು. ಹಿಂಗಾಲ ಮೇಲೆ ಎದ್ದು ಮೂತಿ ಆಡಿಸಿ ಗಾಳಿ ಮೂಸಿತು. ಅಪ್ಪಾಜಿಯ ಅಂಗೈ ಅಲುಗಲಿಲ್ಲ, ಕಣ್ಣಿನಲ್ಲಿ ಮಾತ್ರ ನೀರು ತುಂಬಿಕೊಂಡಿತು. ಅವರಿಗೂ ಗೊತ್ತಾಯಿತು, ಹೆದರಿದ್ದಾರೆ ಎಂದುಕೊಂಡೆ. ಕರಡಿ ಒಮ್ಮೆ ಬುಸ್ ಎಂದು ನೆಲಕ್ಕಿಳಿದು, ಮರಿಯನ್ನು ಹೊತ್ತು ಪೊದೆಯೊಳಗೆ ನುಗ್ಗಿ ಹೋಯಿತು.

ಪೂಜೆ ಮುಗಿಸಿ ಲಿಂಗ ಕಟ್ಟಿಕೊಂಡ ಅಪ್ಪಾಜಿಯ ಕೆನ್ನೆ ತೊಯ್ದಿತ್ತು. ಎದ್ದು ಬಂದು ನನ್ನ ಹಣೆಗೆ ವಿಭೂತಿ ಹಚ್ಚಿದರು. "ಶಿವ ನನ್ನ ಮಾತು ಕೇಳಿಸ್ಕೊಂಡ ಕಣವ್ವ. ನಿನ್ನ ಬಾಯಲ್ಲಿ ಅವನ ಹೆಸರು ಬಂತು," ಎಂದರು.

ಅವರು ಕರಡಿಯನ್ನು ನೋಡಿಯೇ ಇರಲಿಲ್ಲ. ನನ್ನ ನಾಲಗೆಯ ತುದಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು. "ಬಿಸಿಲು ಏರ್ತಿದೆ, ಹೋಗೋಣ ಬನ್ನಿ," ಎಂದು ಅವರನ್ನು ಅಲ್ಲಿಂದ ಹೊರಡಿಸಿಕೊಂಡು ಬಂದೆ.

ಮನೆಯಲ್ಲಿ ಹಬ್ಬವೇ ಹಬ್ಬ. ಅವ್ವ ಹೊಸ ಶಿವದಾರ ಹಾಕಿ ಲಿಂಗವನ್ನು ತಾನೇ ನನ್ನ ಕೊರಳಿಗೆ ಕಟ್ಟಿದಳು, ಹೋಳಿಗೆ ಮಾಡಿದಳು. ಬಂದವರಿಗೆಲ್ಲ ಅಪ್ಪಾಜಿಯದು ಒಂದೇ ವರ್ಣನೆ: ಕಾಡು, ಬಂಡೆ, ಮಗಳ ದನಿ. ನಾನು ಹೋಳಿಗೆ ತಿನ್ನುತ್ತ ತಲೆ ಎತ್ತದೆ ಕೂತಿದ್ದೆ. ಅವರು ಇಷ್ಟು ಸಂತೋಷವಾಗಿದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಹೋಗಲಿ ಬಿಡು, ಯಾರಿಗೇನು ನಷ್ಟ ಎಂದು ಸಮಾಧಾನ ಮಾಡಿಕೊಂಡೆ.

ಶನಿವಾರ ರಾತ್ರಿ ಅಪ್ಪಾಜಿ, "ನಾಳೆ ಅದೇ ಬಂಡೆಗೆ ಹೋಗೋಣ. ಇನ್ಮೇಲೆ ನನ್ನ ಭಾನುವಾರದ ಪೂಜೆ ಅಲ್ಲೇ," ಎಂದರು.

"ನನಗೆ ತಲೆನೋವು ಅಪ್ಪಾಜಿ. ಬೇರೆ ಕಡೆ ಹೋಗೋಣ, ಇಲ್ಲಾಂದ್ರೆ ಮುಂದಿನ ವಾರ ನೋಡೋಣ."

"ನೀನು ಮಲಕ್ಕೋ. ನಾನೊಬ್ನೇ ಹೋಗಿ ಬರ್ತೀನಿ."

ಆ ಪೊದೆಗೆ ಬೆನ್ನು ಹಾಕಿ ಅವರು ಒಬ್ಬರೇ ಕೂತಿರುವುದು ಕಣ್ಣಿಗೆ ಕಟ್ಟಿತು. ಬೆಳಿಗ್ಗೆ ಅವರಿಗಿಂತ ಮುಂಚೆ ಎದ್ದು ಹೊರಟು ನಿಂತೆ. ಬಸ್ಸಿನಲ್ಲಿ ಹೇಳಬೇಕೆಂದುಕೊಂಡೆ, ಅವರು ಗೆಲುವಾಗಿದ್ದರು, ಆಗಲಿಲ್ಲ. ಬಂಡೆ ಕಣ್ಣಿಗೆ ಬಿದ್ದಾಗ ಅವರ ತೋಳು ಹಿಡಿದು ನಿಲ್ಲಿಸಿ ಎಲ್ಲವನ್ನೂ ಹೇಳಿಬಿಟ್ಟೆ.

"ಭಕ್ತಿಯಿಂದ ಹೇಳಿದ್ದಲ್ಲ ಅಪ್ಪಾಜಿ. ನೀವು ತಿರುಗಬಾರದು ಅಂತ ಹೇಳಿದ್ದು. ಕರಡಿ ಬರದೇ ಇದ್ದಿದ್ರೆ ನಾನು ಬಾಯೇ ಬಿಡ್ತಾ ಇರಲಿಲ್ಲ."

ಅವರು ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು. ಪೊದೆಯನ್ನು ನೋಡಿದರು. ಟವೆಲಿನಿಂದ ಮುಖ ಒರೆಸಿಕೊಂಡರು.

"ತರಗೆಲೆ ಸದ್ದು ಕೇಳ್ತು. ಯಾವ್ದೋ ದನ ಇರಬೇಕು ಅನ್ಕೊಂಡೆ. ಮರಿ ಇತ್ತಾ?"

"ಬೆನ್ನ ಮೇಲಿತ್ತು."

ಅವರ ಮುಖ ಸಣ್ಣದಾದುದು ನನಗೆ ಕಾಣುತ್ತಿತ್ತು. ಹೇಳಬಾರದಿತ್ತು ಎನಿಸಿ ಅಳು ಬಂತು.

"ಕರಡಿ ಯಾವಾಗ ಹೋತು?"

"ಬೇಗನೇ ಹೋಯ್ತು. ನೀವು ಅದಾದ ಮೇಲೂ ಎಷ್ಟೋ ಹೊತ್ತು ಕೂತಿದ್ರಿ."

"ನಾನು ಕೈ ಇಳಿಸೋ ತನಕ ನಿನ್ನ ದನಿ ಕೇಳ್ತಾನೇ ಇತ್ತಲ್ಲವ್ವ."

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ನಿಜ, ನಿಲ್ಲಿಸಿರಲಿಲ್ಲ. ಯಾಕೆಂದು ಹುಡುಕಿದೆ. ಭಯ ಎನ್ನಬಹುದಿತ್ತು, ಅಭ್ಯಾಸಬಲ ಎನ್ನಬಹುದಿತ್ತು, ಎರಡೂ ಪೂರ್ತಿ ನಿಜವಾಗಿರಲಿಲ್ಲ.

"ನಿಮ್ಮ ಕಣ್ಣಲ್ಲಿ ನೀರಿತ್ತು. ನಿಲ್ಸೋಕೆ ಮನಸ್ಸು ಬರಲಿಲ್ಲ," ಎಂದೆ.

ಅಪ್ಪಾಜಿ ಎದ್ದು, "ಕೊರಳಲ್ಲಿರೋದು ಭಾರ ಅನಿಸಿದ್ರೆ ತೆಗೆದಿಡು. ನಿಮ್ಮವ್ವನಿಗೆ ನಾನು ಹೇಳ್ತೀನಿ," ಎಂದರು.

ಪೊದೆಗಳಿಲ್ಲದ ಇನ್ನೊಂದು ಬಂಡೆಗೆ ಹೋದೆವು. ಅವರು ವಿಭೂತಿ ಹಚ್ಚಿ ಕೂತರು, ನನ್ನನ್ನು ಎದುರಿಗೆ ಕೂರಬೇಡವೆಂದು ಸನ್ನೆ ಮಾಡಿ ಹಿಂದಿನ ಜಾಗ ತೋರಿಸಿದರು. ನಾನು ಅವರ ಬೆನ್ನಿಗೆ ಬೆನ್ನು ಕೊಟ್ಟು ಕಾಡಿನ ಕಡೆ ಮುಖ ಮಾಡಿ ಕೂತೆ. ಪೂಜೆ ಮುಗಿಯುವವರೆಗೆ ಅವರ ಉಸಿರು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ನಾನು ಯಾವ ಮಂತ್ರವನ್ನೂ ಹೇಳಲಿಲ್ಲ, ಅವರೂ ಹೇಳೆಂದು ಕೇಳಲಿಲ್ಲ.