ನಲವತ್ತೇಳು ಗಂಟೆಗೆ ಲಸಿಕೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಊರಿನ ಹಸುಗಳಿಗೆಲ್ಲ ಬೆಳಿಗ್ಗೆ ನಲವತ್ತೇಳು ಗಂಟೆಗೆ ಲಸಿಕೆ ಎಂದು ಮೈಕಿನಲ್ಲಿ ಸಾರಿದ ಮಹಾನುಭಾವ ನಾನೇ. ಅದೂ ದನದ ಡಾಕ್ಟರ ಮೂಗಿನ ದನಿಯಲ್ಲಿ.

ಕಾಮಸಮುದ್ರದ ಕಡೆ ನಮ್ಮೂರು. ಅಲ್ಲಿನ ಹಾಲಿನ ಡೈರಿಗೆ ನನ್ನ ಚಿಕ್ಕಮ್ಮನೇ ಕಾರ್ಯದರ್ಶಿ. ಬಂಗಾರಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೂತು, ಹಾಲಿನ ತೂಕ, ಫ್ಯಾಟು ಬರೆದುಕೊಳ್ಳುವ ಪ್ರೋಗ್ರಾಂ ಮಾಡಿಕೊಟ್ಟವನು ನಾನು. ಲಸಿಕೆಯ ನೋಟೀಸು ಮಾತ್ರ ಇಂಟರ್ನೆಟ್ಟಿನ ಒಂದು ಪುಟದಲ್ಲಿ ಬರುತ್ತಿತ್ತು. ಅದನ್ನು ನೋಡಬೇಕೆಂದರೆ ಪ್ರೋಗ್ರಾಂ ಮುಚ್ಚಬೇಕು. ಮುಚ್ಚಿದರೆ ಕ್ಯಾನು ಹಿಡಿದ ಹೆಂಗಸರ ಸಾಲು ನಿಲ್ಲುತ್ತದೆ. ಹಾಗಾಗಿ ಹೋದ ಸಲ ಚಿಕ್ಕಮ್ಮ ನೋಡಲೇ ಇಲ್ಲ. ಲಸಿಕೆ ತಪ್ಪಿತು, ಕಾಲುಬಾಯಿ ಜ್ವರ ಊರು ಹೊಕ್ಕಿತು, ಅವಳದೇ ಸೀಮೆಹಸು ಸತ್ತುಹೋಯಿತು.

"ಆಲು ಅಳೆಯೋ ಪರದೆ ಮ್ಯಾಲೇ ನೋಟೀಸು ಕಾಣ್ಬೇಕು ಕಣ್ಲಾ," ಎಂದಳು. "ಈ ಸಲ ಒಂದು ಅಸನೂ ತಪ್ಪಂಗಿಲ್ಲ. ಆಯ್ತದೋ, ಬರೀ ಬಾಯಿ ಬಡ್ಕೊಳ್ಳೋದೋ?"

"ಆಯ್ತದೋ, ಬರೀ ಬಾಯಿ ಬಡ್ಕೊಳ್ಳೋದೋ?" ಎಂದು ಅವಳ ದನಿಯಲ್ಲೇ ನಾನೂ ಕೇಳಿದೆ. ಊರವರ ದನಿ ಅಣಕಿಸುವುದು ನನ್ನ ಚಾಳಿ. ತಲೆಗೊಂದು ಬಿತ್ತು.

ಚಾಂಪಿಯನ್ ರೀಫ್ಸಿನ ತಮಿಳರಾದ ನಮ್ಮ ಅಂಗಡಿ ಯಜಮಾನರು "ವಿಡು ಪಾ, ಬಿಟ್ಬಿಡು, ಅದೆಲ್ಲಾ ಆಗೋ ಮಾತಲ್ಲ" ಎಂದರು. ಅಲ್ಲಿಗೆ ಹಟ ಇಮ್ಮಡಿಯಾಯಿತು. ಪ್ರೋಗ್ರಾಂನ ಮೂಲೆಯಲ್ಲಿ ಒಂದು ಟೆಕ್ಸ್ಟ್ ಬಾಕ್ಸ್ ಇಟ್ಟು ವೆಬ್ ಪುಟವನ್ನು ಅದರೊಳಗೆ ಸುರಿದೆ. ಪುಟದ ಜೊತೆ ಅದರ ಎಲುಬುಗೂಡಾದ ಕೋಡೂ ಬಂತು: ಅಕ್ಷರಕ್ಕಿಂತ ಕೊಕ್ಕೆಗಳೇ ಹೆಚ್ಚು, ನಡುನಡುವೆ ಇಂಗ್ಲಿಷ್ ಚೂರುಗಳು. ಇದು ಬರೀ ಬರಹವಲ್ಲ, ವೆಬ್ ಪುಟ ಎಂದು ಬಾಕ್ಸಿಗೆ ತಿಳಿಸಿದೆ. ಕೊಕ್ಕೆ ಹೋದವು, ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಬಂದವು. "ಏನ್ಲಾ ಇದು, ಇಟ್ಟಿಗೆ ಗೂಡಾ?" ಎಂದಳು ಚಿಕ್ಕಮ್ಮ. ಫಾಂಟು ಬದಲಿಸಿದೆ. ಕೊನೆಗೆ ಅಚ್ಚುಕಟ್ಟಾಗಿ ಮೂಡಿತು: ನಾಳೆ ಬೆಳಿಗ್ಗೆ 7 ಗಂಟೆಗೆ ಲಸಿಕೆ.

ಸಂಜೆ ಹಾಲು ಹಾಕುವ ಹೊತ್ತು. ನಾನು ಮೈಕು ಹಿಡಿದು ಡಾಕ್ಟರ ಮೂಗನ್ನು ತಂದುಕೊಳ್ಳುತ್ತಿದ್ದೆ. ಚಿಕ್ಕಮ್ಮ ಮೌಸಿನಿಂದ ಆ ಅಂಕಿಯ ಮೇಲೆ ಒತ್ತಿ ತೋರಿಸಿದಳು: "ಏಳು ಅನ್ನೋದನ್ನ ಗಟ್ಟಿಯಾಗಿ ಏಳ್ಲಾ."

ಅಷ್ಟರಲ್ಲಿ ಸಾಲಿನ ಮೊದಲಲ್ಲಿದ್ದ ಅಜ್ಜಿ ತಕ್ಕಡಿಯ ಮೇಲೆ ಹಾಲಿಟ್ಟಳು. ನಮ್ಮ ತಕ್ಕಡಿ ಕೀಬೋರ್ಡಿನ ಹಾಗೆ, ಕರ್ಸರ್ ಎಲ್ಲಿದೆಯೋ ಅಲ್ಲೇ ತೂಕ ಬರೆಯುತ್ತದೆ. ಟೆಕ್ಸ್ಟ್ ಬಾಕ್ಸ್ ಹುಟ್ಟಿರುವುದೇ ಬರೆಸಿಕೊಳ್ಳಲು; ಅದಕ್ಕೆ ಬೀಗ ಹಾಕಬೇಕಿದ್ದವನು ನಾನು, ಹಾಕಿರಲಿಲ್ಲ. ಅಜ್ಜಿಯ ನಾಲ್ಕು ಲೀಟರು ಹೋಗಿ ಏಳರ ಎಡಕ್ಕೆ ಕೂತಿತು. ನನ್ನ ಗಮನವೆಲ್ಲ ಮೂಗಿನ ಮೇಲೆ. ಕಂಡದ್ದನ್ನು ಕಂಡಂತೆ ಓದಿಬಿಟ್ಟೆ.

ಸಾಲು ಬಿದ್ದು ಬಿದ್ದು ನಕ್ಕಿತು. ಚಿಕ್ಕಮ್ಮ ನಗಲಿಲ್ಲ.

"ನಾಲ್ಕಕ್ಕಾ, ಏಳಕ್ಕಾ?" ಎಂದಳು ಒಬ್ಬಳು.

"ಯಾವ್ದುಕ್ಕೂ ಇಲ್ಲ ಓಗೇ, ಇವ್ನ ಆಟ ಇದು," ಎಂದಳು ಇನ್ನೊಬ್ಬಳು.

ಏಳಕ್ಕೇ ಎಂದು ನನ್ನ ಸ್ವಂತ ದನಿಯಲ್ಲಿ ಹೇಳಿದೆ. "ಇದ್ಯಾರ ದನಿಯಪ್ಪಾ?" ಎಂದು ಮತ್ತೆ ನಕ್ಕರು. ನಾಳೆ ಯಾರೂ ಬಾರದೆ ಹೋದರೆ?

ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಆ ಬಾಕ್ಸಿನಲ್ಲಿ ಬರೆಯಲು ಆಗದಂತೆ, ಕರ್ಸರ್ ಅಲ್ಲಿ ಹೋಗಿ ಕೂರದಂತೆ ಬೀಗ ಹಾಕಿ, ಡೈರಿಯ ಕಂಪ್ಯೂಟರಿಗೆ ಏರಿಸಿದೆ. ಚಿಕ್ಕಮ್ಮ ಪರದೆಯನ್ನು ಸಾಲಿನ ಕಡೆ ತಿರುಗಿಸಿ, ಬೇಕೆಂದೇ ಏಳರ ಮೇಲೆ ಒತ್ತಿ, "ಇನ್ನೊಂದ್ ಸಲ ಇಡಜ್ಜಿ" ಎಂದಳು. ಅಜ್ಜಿ ಇಟ್ಟಳು. ಈ ಸಲ ನಾಲ್ಕು ಹೋಗಿ ತೂಕದ ಖಾನೆಯಲ್ಲೇ ಕೂತಿತು. ಏಳು ಏಳಾಗಿಯೇ ಉಳಿಯಿತು. ಚಿಕ್ಕಮ್ಮ ಮೈಕು ಕಿತ್ತುಕೊಂಡು ತಾನೇ ಸಾರಿದಳು. ಸಾಲು ತಲೆಯಾಡಿಸಿತು.

ಸುಮ್ಮನಿದ್ದರೆ ಅದು ನಾನಲ್ಲ. "ಅಂಗಾರೆ ನಲವತ್ತೇಳಕ್ಕೆ ಯಾರೂ ಬರಲ್ವಾ?" ಎಂದು ಡಾಕ್ಟರ ಮೂಗಿನಲ್ಲಿ ಕೇಳಿದೆ.

ಅಜ್ಜಿ ಖಾಲಿ ಕ್ಯಾನನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಏಳಕ್ಕೆ ಅಸ ಇಡ್ಕೊಂಡು ನಾವೆಲ್ಲಾ ಬತ್ತೀವಿ. ನಲವತ್ತೇಳಕ್ಕೆ ಏಳೋನು ನೀನೊಬ್ನೇ ಕಣ್ಲಾ."