ಹೊಸ್ತಿಲಿಗೆ ಸುರಿದ ಚೀಲ

ಗುದ್ದಕ್ಕ ಎಂಬ ಹೆಸರು ಅವಳಿಗೆ ಅಪ್ಪ ಅಮ್ಮ ಇಟ್ಟದ್ದಲ್ಲ, ದುಡಿದು ಸಂಪಾದಿಸಿದ್ದು. ಕಸದ ಲಾರಿಗೆ ಸೇರಿದ ಹೊಸತರಲ್ಲಿ ಮೀಸೆಯ ಗಂಡಸೊಬ್ಬ ಹಸಿ ಕಸದ ನಡುವೆ ಸತ್ತ ಬ್ಯಾಟರಿಗಳನ್ನು ತುರುಕಿಟ್ಟಿದ್ದ. ಕೇಳಿದ್ದಕ್ಕೆ ಅವಳ ಕೊರಳಪಟ್ಟಿಗೇ ಕೈ ಹಾಕಿದ. ಅವಳು ಡಬ್ಬಿಯ ಮುಚ್ಚಳ ಕಿತ್ತು ಅವನ ಮುಖಕ್ಕೆ ಬೀಸಿದಳು, ಮೂಗು ಲಟಕ್ಕೆಂದಿತು. ಅವನು ಮೂಗು ಹಿಡಿದುಕೊಂಡು ಆಸ್ಪತ್ರೆಗೆ ಹೋದ, ಇವಳು ಡಬ್ಬಿ ಹಿಡಿದುಕೊಂಡು ಪಕ್ಕದ ಮನೆಗೆ ಹೋದಳು. ಅಂದಿನಿಂದ ಆ ಬೀದಿಯ ಬ್ಯಾಟರಿಗಳು ತಮ್ಮ ಪೆಟ್ಟಿಗೆಯಲ್ಲಿ ತೆಪ್ಪಗೆ ಕೂತಿರುತ್ತವೆ.

ನಗರಸಭೆಯ ನಿಯಮ ಸುಲಭವಾಗಿತ್ತು. ಹಸಿ ಕಸ ಹಸಿರು ಚೀಲಕ್ಕೆ, ಕಾಗದ ನೀಲಿ ಡಬ್ಬಿಗೆ, ಗಾಜು ಮಾತ್ರ ಗೇಟಿನ ಪಕ್ಕದ ತಂತಿ ಬುಟ್ಟಿಗೆ. ಬುಟ್ಟಿಗೆ ಮುಚ್ಚಳವಿಲ್ಲ, ಎತ್ತುವವರ ಕಣ್ಣಿಗೆ ಬೀಳಲಿ ಅಂತ. ಚೀಲವನ್ನಾದರೋ ತೊಡೆಗೆ ಆನಿಸಿಕೊಂಡೇ ಎತ್ತಬೇಕು, ಒಳಗೆ ಗಾಜಿದ್ದರೆ ತೊಡೆ ಸೀಳಿತೆಂದೇ ಲೆಕ್ಕ. ಹಾಗಾಗಿ ಲಾರಿಯವರು ತಮ್ಮದೇ ಒಂದು ಕಾನೂನು ಮಾಡಿಕೊಂಡಿದ್ದರು. ಹಸಿ ಚೀಲದಲ್ಲಿ ಗಾಜು ಸಿಕ್ಕರೆ ಅದನ್ನು ಆ ಮನೆಯ ಹೊಸ್ತಿಲಿಗೇ ಹೊತ್ತೊಯ್ದು ಸುರಿಯುವುದು. ಮನೆಯವರು ಹೊರಗೆ ಬಂದು, ಇಡೀ ಬೀದಿಯ ಎದುರು ಕುಕ್ಕರಗಾಲಲ್ಲಿ ಕೂತು, ಎಲ್ಲವನ್ನೂ ಹೆಕ್ಕಿ ಬೇರೆ ಮಾಡುವ ತನಕ ಲಾರಿ ಕದಲುವುದಿಲ್ಲ. ಗುದ್ದಕ್ಕ ವಕೀಲನ ಹೊಸ್ತಿಲಿಗೂ ಸುರಿದಿದ್ದಳು, ತನಗೆ ಸಾಲ ಕೊಡುವ ಅಂಗಡಿಯವನ ಹೊಸ್ತಿಲಿಗೂ ಸುರಿದಿದ್ದಳು. ಮುಖ ಮೋರೆ ನೋಡುವ ಪೈಕಿಯವಳಲ್ಲ.

ಚೀಲ ಎತ್ತುವವರಿಗೆ ಮನೆಗಳ ಗುಟ್ಟು ತಾನಾಗಿಯೇ ತಿಳಿಯುತ್ತದೆ. ಯಾರಿಗೆ ಜ್ವರ, ಯಾರು ಹೆಂಡತಿಗೆ ತಿಳಿಯದಂತೆ ಕುಡಿಯುತ್ತಾರೆ, ಯಾರ ಮನೆಯ ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಎಲ್ಲವೂ. ಗುದ್ದಕ್ಕ ಲಾರಿಯ ಹಿಂದಿನ ಮೆಟ್ಟಿಲ ಮೇಲೆ ನಿಂತು ಊರಿನ ಸುದ್ದಿಯನ್ನೆಲ್ಲ ಡ್ರೈವರ್ ಮಾವನಿಗೆ ಕೂಗಿ ಹೇಳುತ್ತಿದ್ದಳು. ಒಂದು ಮನೆಯ ಚೀಲವನ್ನು ಮಾತ್ರ ಮುಖ ತಿರುಗಿಸಿಕೊಂಡು ಎತ್ತಿ ಎಸೆಯುತ್ತಿದ್ದಳು. ಅದು ಅವಳ ತಂಗಿಯ ಮನೆ.

ಅಮ್ಮ ಸತ್ತಾಗ ತಂಗಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಪ್ಪ ಕುಡಿದು ಬಂದು ಬೆಲ್ಟು ಬಿಚ್ಚಿದರೆ ಅಕ್ಕ ಅವಳನ್ನು ಮಂಚದಡಿಗೆ ತಳ್ಳಿ ತಾನು ಬೆನ್ನು ಕೊಡುತ್ತಿದ್ದಳು. ಬಕಲಿನ ಗುರುತು ಆ ಬೆನ್ನ ಮೇಲೆ ಈಗಲೂ ಇದೆ. ಹಾಗೆ ಸಾಕಿದ ತಂಗಿಯನ್ನು ನಗರಸಭೆಯ ಉಸ್ತುವಾರಿ ಸಾಹೇಬರಿಗೆ ಕೊಟ್ಟಾಗ ಗುದ್ದಕ್ಕನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಮನೆಗಳ ಅಂಗಳ, ಬೇಲಿ, ಬಣ್ಣ ನಿಯಮದಂತಿವೆಯೇ ಎಂದು ನೋಡುವುದು ಅವನ ಕೆಲಸ. ಜೇಬಲ್ಲಿ ಸದಾ ಅಳತೆಯ ಟೇಪು, ಹಾಗಾಗಿ ಊರಿಗೆಲ್ಲ ಅವನು ಟೇಪು ಸಾಹೇಬ. ಹುಲ್ಲು ಬೆರಳುದ್ದ ಜಾಸ್ತಿ ಬೆಳೆದರೆ ದಂಡ, ಗೇಟಿನ ಬಣ್ಣ ಎದ್ದರೆ ದಂಡ. ಅವನ ಸ್ವಂತ ಮನೆಯ ಮುಂದೆ 'ಮಾದರಿ ಮನೆ' ಎಂಬ ಫಲಕ ತೂಗುತ್ತಿತ್ತು.

ಮದುವೆಯಾಗಿ ಸ್ವಲ್ಪ ದಿನಕ್ಕೇ ತಂಗಿ ಗೇಟಿನ ಒಳಗೆ ನಿಂತು, ಕಣ್ಣು ಕೆಳಗೆ ಹಾಕಿ ಹೇಳಿದ್ದಳು: "ಅಕ್ಕ, ಇನ್ಮೇಲೆ ಮನೆಗೆ ಬರಬೇಡ. ಅವ್ರಿಗೆ ಕಸದ ವಾಸನೆ ಆಗಲ್ವಂತೆ."

ಗುದ್ದಕ್ಕ ಅಂದು ಮನೆಗೆ ಹೋಗಿ ತನ್ನ ಕೈಯನ್ನು ತಾನೇ ಮೂಸಿ ನೋಡಿಕೊಂಡು ಅತ್ತಳು. ಆಮೇಲೆ ಅಳುವುದನ್ನು ಬಿಟ್ಟು ಹಲ್ಲು ಕಚ್ಚಿಕೊಂಡಳು. ಎರಡು ವರ್ಷ ಮಾತಿಲ್ಲ, ಕತೆಯಿಲ್ಲ.

ಆ ಬೆಳಿಗ್ಗೆ ಆ ಮನೆಯ ಚೀಲ ಎಂದಿಗಿಂತ ಭಾರವಿತ್ತು. ಎತ್ತುವಾಗ ಒಳಗೆ ಏನೋ ಕಿಣಿಕ್ಕೆಂದಿತು. ಅವಳು ಕೈಬಿಡುವಷ್ಟರಲ್ಲಿ ಚೂರೊಂದು ಚೀಲವನ್ನೂ ಪ್ಯಾಂಟನ್ನೂ ಸೀಳಿ ತೊಡೆಯೊಳಗೆ ಇಳಿದಿತ್ತು. ರಕ್ತ ಮೊದಲು ನಿಧಾನವಾಗಿ ಬಂತು, ಆಮೇಲೆ ಬೂಟಿನೊಳಗೆ ಪಚಪಚ ಅನ್ನತೊಡಗಿತು.

ಡ್ರೈವರ್ ಮಾವ ಹಾರಿ ಇಳಿದು ತನ್ನ ಟವೆಲಿನಿಂದ ತೊಡೆ ಬಿಗಿದ. "ಹತ್ತೇ ಗಾಡಿ. ಆಸ್ಪತ್ರೆಗೆ ಹೋಗೋಣ."

"ಮೊದ್ಲು ಸುರೀತೀನಿ," ಎಂದಳು ಗುದ್ದಕ್ಕ.

ಎರಡು ವರ್ಷದ ಸಿಟ್ಟೆಲ್ಲ ಕೈಗೆ ಬಂದಿತ್ತು. ಬೀಗ ಹಾಕಿದ್ದ ಗೇಟನ್ನು ಒದ್ದಳು, ಮೂರನೆಯ ಒದೆತಕ್ಕೆ ಚಿಲಕ ಕಿತ್ತು ಬಂತು. ಚೀಲವನ್ನು ಎಳೆದುಕೊಂಡು ಹೋಗಿ ಆ ಥಳಥಳಿಸುವ ಹೊಸ್ತಿಲಿಗೆ ತಲೆಕೆಳಗು ಮಾಡಿದಳು. ತರಕಾರಿ ಸಿಪ್ಪೆ, ಹಳೆ ಬಟ್ಟೆ, ಹೂವಿನ ಚಿತ್ರದ ಗಾಜಿನ ತಟ್ಟೆಗಳ ಚೂರು, ಕನ್ನಡಿಯ ಚೂರು, ಕೆಂಪಾದ ಹತ್ತಿ, ಕೂದಲ ಉಂಡೆ, ಎಲ್ಲ ಹರಡಿಕೊಂಡವು.

"ಬಾರೆ ಹೊರಗೆ, ಮಾದರಿ ಮನೆಯೋಳೇ!" ಎಂದು ಬೀದಿಗೆ ಕೇಳುವಂತೆ ಅರಚಿದಳು. "ನಿನ್ನ ಗಂಡ ಊರಿಗೆಲ್ಲ ದಂಡ ಹಾಕ್ತಾನೆ, ನೀನು ನನ್ನ ಕಾಲು ಕತ್ತರಿಸ್ತೀಯ? ವಾಸನೆ ಆಗಲ್ವಾ ನಿಂಗೆ? ಇದು ನಿನ್ನದೇ ವಾಸನೆ ಕಣೆ, ಮೂಸು!"

ಕಿಟಕಿಗಳು ತೆರೆದುಕೊಂಡವು. ತಂಗಿ ಹೊರಬಂದಳು. ಆ ಸೆಕೆಯಲ್ಲೂ ಉದ್ದ ತೋಳಿನ ಅಂಗಿ, ತಲೆಗೆ ಬಿಗಿದ ವಸ್ತ್ರ. ಅಕ್ಕನ ತೊಡೆಯ ರಕ್ತ ನೋಡಿ ಅವಳ ತುಟಿ ಅದುರಿತು. ಕೂತು ಎಡಗೈಯಿಂದ ಚೂರುಗಳನ್ನು ಹೆಕ್ಕತೊಡಗಿದಳು. ಒಮ್ಮೆ ತಲೆಯೆತ್ತಿ ಅಕ್ಕನನ್ನು ನೋಡಿದಳು, ಏನನ್ನೋ ಕಾಯುವವಳಂತೆ. ಗುದ್ದಕ್ಕ ಪಕ್ಕಕ್ಕೆ ಉಗಿದಳು.

ಟೇಪು ಸಾಹೇಬ ಬಂದ. ಇಸ್ತ್ರಿ ಮಾಡಿದ ಅಂಗಿ, ನಗುಮುಖ. ಬೀದಿಯವರಿಗೆ ಕೈಮುಗಿದ. "ನಿಯಮ ಎಲ್ಲರಿಗೂ ಒಂದೇ. ನನ್ನ ಮನೆಗೆ ನಾನೇ ದಂಡ ಹಾಕ್ತೀನಿ," ಎಂದು ಕೆಂಪು ಚೀಟಿ ತೆಗೆದು ತನ್ನ ಗೇಟಿಗೇ ಅಂಟಿಸಿದ. ಎದುರುಮನೆಯ ಮುದುಕ ಭೇಷ್ ಎಂದ. ಸಾಹೇಬ ಚೂರುಗಳನ್ನೆಲ್ಲ ಬಕೆಟಿಗೆ ತುಂಬಿಸಿ, ಹೆಂಡತಿಯ ಭುಜದ ಮೇಲೆ ಕೈಯಿಟ್ಟು, "ಒಳಗೆ ನಡಿ, ಬೇರೆ ಮಾಡೋದು ಹೇಗೆ ಅಂತ ಹೇಳ್ಕೊಡ್ತೀನಿ," ಎಂದು ಮೃದುವಾಗಿ ಹೇಳಿ ಬಾಗಿಲು ಹಾಕಿಕೊಂಡ.

ಲಾರಿ ಹೊರಟಿತು. ಗುದ್ದಕ್ಕನಿಗೆ ಹೊಟ್ಟೆ ತಣ್ಣಗಾಗಿತ್ತು. ಮೂಲೆ ತಿರುಗುವಾಗ ಡ್ರೈವರ್ ಮಾವ, "ಅಲ್ವೇ, ಆ ಕೂದಲು ನೋಡಿದ್ಯಾ?" ಎಂದ.

"ಬಾಚಿದ ಕೂದಲು. ಅದರಲ್ಲಿ ಏನು ನೋಡೋದು?"

"ಬಾಚಿದ್ರೆ ಹಾಗಿರಲ್ಲ ಕಣೆ. ಬುಡದಲ್ಲಿ ಚರ್ಮ ಅಂಟ್ಕೊಂಡಿತ್ತು."

ಬೇರೆ ಯಾವ ಮನೆಯ ಚೀಲದಲ್ಲಿ ಕಂಡಿದ್ದರೂ ಅವಳಿಗೆ ಆ ಕ್ಷಣವೇ ಅರ್ಥವಾಗುತ್ತಿತ್ತು. ಬಲಗೈ ಬಿಟ್ಟು ಎಡಗೈಯಲ್ಲಿ ಹೆಕ್ಕಿದ್ದು. ತೋಳು ಮುಚ್ಚಿದ ಅಂಗಿ. ಒಡೆದ ತಟ್ಟೆ ಒಂದಲ್ಲ, ಇಡೀ ಸೆಟ್ಟು. ಗುದ್ದಕ್ಕ ಚಲಿಸುವ ಲಾರಿಯಿಂದಲೇ ಹಾರಿದಳು, ಬಿದ್ದಳು, ಡಬ್ಬಿ ಎಳೆಯುವ ಕಬ್ಬಿಣದ ಕೊಕ್ಕೆ ಹಿಡಿದು ಓಡಿದಳು. ಟವೆಲು ಬಿಚ್ಚಿಹೋಯಿತು. ರಕ್ತ ರಸ್ತೆಯುದ್ದಕ್ಕೂ ಚೆಲ್ಲಿತು.

ಬಾಗಿಲು ಭದ್ರವಾಗಿತ್ತು. ಒಳಗಿಂದ ಅವನ ದನಿ ಕೇಳುತ್ತಿತ್ತು, ಮಗುವಿಗೆ ಪಾಠ ಹೇಳುವ ದನಿ. "ಗಾಜು ಬೇರೆ. ಹತ್ತಿ ಬೇರೆ. ಮತ್ತೆ ಮಾಡು."

ಕೊಕ್ಕೆ ಬೀಸಿ ಕಿಟಕಿ ಒಡೆದು ಗುದ್ದಕ್ಕ ಒಳಗೆ ಬಿದ್ದಳು. ಚೂರುಗಳೆಲ್ಲ ಅಡುಗೆಮನೆಯ ನೆಲದ ಮೇಲೆ ಹರಡಿದ್ದವು. ತಂಗಿಯ ಅಂಗೈ ಅವುಗಳ ಮೇಲಿತ್ತು, ಆ ಕೈಯ ಮೇಲೆ ಅವನ ಬೂಟಿತ್ತು. ತಂಗಿ ಕಿರುಚುತ್ತಿರಲಿಲ್ಲ. ಕಿರುಚಬಾರದೆಂದು ಕಲಿತುಬಿಟ್ಟಿದ್ದಳು.

ಮೊದಲ ಹೊಡೆತ ಅವನ ಮೊಣಕಾಲಿಗೆ ಬಿತ್ತು, ಚಿಪ್ಪು ಒಡೆಯಿತು. ಬೀಳುತ್ತಲೇ ಅವನು ತಟ್ಟೆಯ ಚೂರೊಂದನ್ನು ಹಿಡಿದು ಅವಳ ಭುಜಕ್ಕೆ ಚುಚ್ಚಿದ, ಕಿತ್ತು ಮತ್ತೆ ಚುಚ್ಚಿದ. ಅವಳು ಅವನ ಕೂದಲು ಹಿಡಿದು ಮುಖವನ್ನು ಅದೇ ಚೂರುಗಳಿಗೆ ಕುಟ್ಟಿದಳು. ಅವನ ಹಲ್ಲು ಮುರಿದವು. "ಬೇರೆ ಮಾಡೋ! ಈಗ ಬೇರೆ ಮಾಡೋ!" ಎಂದು ಅವಳು ಕೂಗುತ್ತಲೇ ಇದ್ದಳು. ಅವನು ಮಿಸುಕಾಡುವುದು ನಿಂತಿತು. ಅವಳು ಕೊಕ್ಕೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿದಳು.

ತಂಗಿ ತೆವಳಿ ಬಂದು ಅವಳ ಕಾಲನ್ನು ತಬ್ಬಿದಳು. "ಬೇಡ ಅಕ್ಕ. ಇವನ ದೆಸೆಯಿಂದ ನೀನು ಜೈಲಿಗೆ ಹೋದ್ರೆ ನಾನು ಯಾರ ಹತ್ರ ಹೋಗ್ಲಿ?"

ಕೊಕ್ಕೆ ಕೆಳಗಿಳಿಯಲು ತುಂಬ ಹೊತ್ತು ಹಿಡಿಯಿತು. ಅಷ್ಟರಲ್ಲಿ ಡ್ರೈವರ್ ಮಾವ ಬೀದಿಯವರನ್ನೂ ಪೊಲೀಸರನ್ನೂ ಕರೆತಂದಿದ್ದ. ಸಾಹೇಬ ಬದುಕಿಕೊಂಡ, ಆಸ್ಪತ್ರೆಯಿಂದ ನೇರ ಲಾಕಪ್ಪಿಗೆ ಹೋದ.

ಅಕ್ಕ ತಂಗಿಯರಿಗೆ ಅಕ್ಕಪಕ್ಕದ ಮಂಚ ಸಿಕ್ಕಿತು. ತಂಗಿಯ ತೋಳಿನಲ್ಲಿ ಹಳೆಯ ಮುರಿತಗಳಿದ್ದವು, ಅಡ್ಡಾದಿಡ್ಡಿ ಕೂಡಿಕೊಂಡಿದ್ದವು. ಗುದ್ದಕ್ಕ ಹೊಲಿಗೆ ಹಾಕಿಸಿಕೊಂಡು ಎದ್ದವಳೇ ಬೈಯತೊಡಗಿದಳು. "ಬಾಯಿ ಸತ್ತಿತ್ತೇನೆ? ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ವಾಸನೆ ಅಂತ ಹೇಳಿದ ದಿನ ಅವನು ಬಾಗಿಲ ಹಿಂದೆ ನಿಂತಿದ್ದ," ಎಂದಳು ತಂಗಿ. "ಫೋನು ಅವನ ಹತ್ರ. ಗೇಟಿಗೆ ಬೀಗ. ಒಡೆದ ತಟ್ಟೆ ತಂತಿ ಬುಟ್ಟೀಲಿ ಹಾಕಿದ್ರೆ ಬೀದಿ ನೋಡುತ್ತೆ ಅಂತ, ಅವನೇ ಕಟ್ಕೊಂಡು ಹೋಗಿ ಎಲ್ಲೋ ಎಸೀತಿದ್ದ. ಆ ಮನೆಯಿಂದ ನಿನ್ನ ಕೈಗೆ ಬರ್ತಿದ್ದದ್ದು ಹಸಿ ಚೀಲ ಒಂದೇ ಅಲ್ವಾ? ಈ ಸಲ ಅವನು ಮಲಗಿದ್ದಾಗ ಎಲ್ಲ ಅದಕ್ಕೇ ಹಾಕಿ ಗೇಟಿನ ಮೇಲಿಂದ ಹೊರಗೆ ಇಳಿಬಿಟ್ಟೆ. ನಿಂಗೆ ತಾಗಬಾರದು ಅಂತ ಬಟ್ಟೆ ಸುತ್ತಿದ್ದೆ, ಸದ್ದಷ್ಟೇ ಬರಲಿ ಅಂತ. ಬಟ್ಟೆ ಜಾರಿರಬೇಕು."

ಗುದ್ದಕ್ಕ ತೊಡೆಯ ಹೊಲಿಗೆಯ ಮೇಲೆ ಕೈಯಿಟ್ಟಳು.

"ನೀನು ಬಾಗಿಲಿಗೆ ತಂದು ಸುರೀತೀಯ ಅಂತ ಗೊತ್ತಿತ್ತು," ಎಂದಳು ತಂಗಿ. ಅವಳ ದನಿಯಲ್ಲಿ ದೂರಿರಲಿಲ್ಲ. "ಸುರಿದ ಮೇಲೆ ನೋಡ್ತೀಯ ಅಂತಾನೂ ಅಂದ್ಕೊಂಡಿದ್ದೆ."

ಗುದ್ದಕ್ಕ ತನ್ನ ಕೆನ್ನೆಗೆ ತಾನೇ ರಪ್ಪನೆ ಹೊಡೆದುಕೊಂಡಳು. ಮತ್ತೆ ಹೊಡೆದುಕೊಂಡಳು. ಆಚೆ ಮಂಚದವರೆಲ್ಲ ಎದ್ದು ಕೂತರು, ನರ್ಸು ಓಡಿ ಬಂದಳು. ಮತ್ತೆ ಎತ್ತಿದ ಕೈಯನ್ನು ತಂಗಿ ತನ್ನ ಬ್ಯಾಂಡೇಜು ಸುತ್ತಿದ ಕೈಗಳಲ್ಲಿ ಹಿಡಿದುಕೊಂಡಳು, ನೋವಿಗೆ ಮುಖ ಕಿವುಚಿದರೂ ಬಿಡಲಿಲ್ಲ.