ಕಪಾಟು ಜೋಡಿಸಲು ಬಂದವರು

ಬಾಗಿಲು ತೆರೆದವಳಿಗೆ ಎದೆ ಧಸಕ್ಕೆಂದಿತು. ಕಂಪೆನಿಯ ಟೀಶರ್ಟ್ ತೊಟ್ಟು ನಿಂತಿದ್ದವರು ನಮ್ಮ ತೆಕ್ಕಟ್ಟೆಯ ಶೀನ ಆಚಾರ್ರು! ಈ ಮನೆಯ ಬಾಗಿಲು, ಕಿಟಕಿ ಎಲ್ಲವೂ ಅವರ ಕೈಕೆಲಸವೇ. ಅವರಿಗೆ ಕೆಲಸ ಕಡಿಮೆಯಾಗಿದೆ ಎಂದು ಗೊತ್ತಿದ್ದೂ, ಒಂದು ಮಾತು ಹೇಳದೆ, ಮಂಗಳೂರಿನಲ್ಲಿ ಹೊಸದಾಗಿ ಶುರುವಾದ ವಿದೇಶಿ ಪೀಠೋಪಕರಣ ಮಳಿಗೆಯಿಂದ ನಾನು ಕಪಾಟು ತರಿಸಿದ್ದೆ.

ತಲೆ ತಗ್ಗಿಸಿದ ನನ್ನನ್ನು ಕಂಡು ಅವರೇ ನಕ್ಕರು. "ಬೇಜಾರ್ ಮಾಡ್ಬೇಡಿ ಅಮ್ಮ. ಜೋಡ್ಸುಕೆ ಅವ್ರಿಗೂ ಆಚಾರಿ ಬೇಕಲ್ದಾ? ನಂಗೂ ತಮ್ಮಂಗೂ ಅಲ್ಲೇ ಕೆಲ್ಸ ಸಿಕ್ಕಿತ್. ಈಗ ತಿಂಗ್ಳ ತಿಂಗ್ಳ ಸಂಬ್ಳ."

ನನಗೆ ಹೋದ ಜೀವ ಬಂದಂತಾಯಿತು. ಅವರು ಪೆಟ್ಟಿಗೆ ಬಿಚ್ಚಿ, ಜೋಡಿಸುವ ಕ್ರಮ ತೋರಿಸುವ ಚಿತ್ರದ ಹಾಳೆಯನ್ನು ಬದಿಗಿಟ್ಟು, ಸ್ಕ್ರೂ ತಿರುಗಿಸುವ ಪುಟ್ಟ ಅಲೆನ್ ಕೀಯನ್ನು ಎತ್ತಿಕೊಂಡರು. ಹಿಂದೆ ಕೆಲಸಕ್ಕೆ ಮೊದಲು ಉಳಿಯನ್ನು ಒತ್ತಿಕೊಳ್ಳುತ್ತಿದ್ದಂತೆಯೇ ಅದನ್ನೂ ಎರಡೂ ಕಣ್ಣಿಗೆ ಒತ್ತಿಕೊಂಡರು.

ಹೋಗುವಾಗ ಆ ಕೀಯನ್ನು ನನ್ನ ಕೈಗಿಟ್ಟು, "ಇದ್ ನಿಮ್ಗೇ, ಬಿಸಾಡ್ಬೇಡಿ" ಎಂದರು. ಈ ಸಲದ ಆಯುಧಪೂಜೆಗೆ ಮನೆಯ ಕತ್ತಿಗಳ ಸಾಲಿನಲ್ಲಿ ಅದನ್ನೂ ಇಟ್ಟು ಕುಂಕುಮ ಹಚ್ಚಿದೆ.